ನೀರಿನ ಹತ್ತಿರ ಹೋಗಬೇಡಿ

ಜೂನ್ ೧೦, ಮಂಗಳವಾರ. ಹಮ್ರಿಯಾ, ಮಸ್ಕತ್

ಬೈಯಲು ಬ್ಯಾರಿ ಭಾಷೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬರೆಯಲು ಮಾತ್ರ ನನಗೆ ಶಾಲೆಯಲ್ಲಿ ಕಲಿತ ಕನ್ನಡವೇ ಆಗಬೇಕು. ಹಾಗಾಗಿ ನಾವು ಬ್ಯಾರಿಯಲ್ಲಿ ಆಡುವ ಮಾತೆಲ್ಲ ಇಲ್ಲಿ ಕನ್ನಡವಾಗಿರುತ್ತದೆ. ಕನ್ನಡ ಓದುವಷ್ಟು ತಾಳ್ಮೆ ನಮ್ಮ ಸಾಹುಕಾರರಿಗೆ ಇಲ್ಲ. ಅದೂ ಒಂದು ಅನುಕೂಲ.

ಸಾಹುಕಾರರು ಅಂದರೆ ಇವರೇ, ನನ್ನ ಗಂಡ ಬಶೀರ್. ಇಲ್ಲೇ ಪಕ್ಕದ ರೂವಿಯಲ್ಲಿ ಸೂಟ್‌ಕೇಸಿನ ಅಂಗಡಿ. ಊರಿಗೆ ಹೋಗುವವರೆಲ್ಲ ಇವರಲ್ಲಿ ಹೊಳೆಯುವ ಪೆಟ್ಟಿಗೆ ಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಬರುವುದು ಚಕ್ರ ಮುರಿದದ್ದು, ಜಿಪ್ ಹೋದದ್ದು, ಯಾರೂ ಮುಟ್ಟದ ಬಣ್ಣದ್ದು. ಅಂಥ ಪೆಟ್ಟಿಗೆಗಳಿಗೆ ಇವತ್ತು ಬೆಳಗ್ಗಿನಿಂದ ಬಟ್ಟೆ ತುಂಬಿಸುತ್ತಿದ್ದೇನೆ. ನಾವು ಚೀನಾಕ್ಕೆ ಹೊರಟಿದ್ದೇವೆ. ನಾನು, ಇವರು, ಎಂಟು ವರ್ಷದ ಹನೀನ್, ನಾಲ್ಕು ವರ್ಷದ ಝಿಯಾನ್. ಅಲ್ಲಿ ಗುಡ್ಡಗಳ ನಡುವೆ ಹರಿಯುವ ಒಂದು ನದಿ ಉಂಟಂತೆ. ಮದುವೆಯಾದ ವರ್ಷ ತೋರಿಸುತ್ತೇನೆ ಎಂದಿದ್ದರು. ಈಗ ನೆನಪಾಗಿದೆ.

ಯಾಕೆ ನೆನಪಾಯಿತು ಎಂದು ನನಗೆ ಗೊತ್ತು. ಕಹಿ ಮದ್ದು ಕುಡಿಸುವ ಮೊದಲು ಮಕ್ಕಳಿಗೆ ಸಕ್ಕರೆ ತೋರಿಸುತ್ತೇವಲ್ಲ, ಹಾಗೆ. ಇವರು ಗ್ವಾಂಗ್‌ಝೌನಲ್ಲಿ ಆಫೀಸು ತೆರೆಯುತ್ತಾರೆ. ಇನ್ನು ವರ್ಷದ ಹೆಚ್ಚಿನ ದಿನ ಅಲ್ಲೇ. ರೂವಿಯ ಅಂಗಡಿಯನ್ನು ಅಲ್ಲಿ ಕೆಲಸಕ್ಕಿರುವ ಎಲಿಯಾಸ್ ನೋಡಿಕೊಳ್ಳುತ್ತಾನೆ. ನಾನೂ ಮಕ್ಕಳೂ ರಜೆ ಮುಗಿಯುವುದರೊಳಗೆ ಉಪ್ಪಿನಂಗಡಿಗೆ, ಇವರ ಉಮ್ಮನ, ಅಂದರೆ ನನ್ನ ಮಾಮಿಯ ಮನೆಗೆ.

“ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನೀನು ಒಬ್ಬಳೇ ಇಲ್ಲಿ ಹೇಗೆ ಇರ್ತಿ ಇರ್ಫಾನಾ? ಊರಿನಲ್ಲಾದರೆ ಉಮ್ಮ ಇದ್ದಾರೆ. ಖಲಾಸ್.”

ಇವರು ಖಲಾಸ್ ಎಂದ ಮೇಲೆ ಮಾತಿಗೆ ಮೊಹರು ಬಿದ್ದ ಹಾಗೆ. ನಾನೂ ತಲೆಯಾಡಿಸಿದೆ. ಇನ್ನೇನು ಮಾಡಲಿ? ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಕಾರಿನ ಹಿಂದಿನ ಸೀಟು ಬಿಟ್ಟು ಬೇರೆ ಕಡೆಯಿಂದ ಮಸ್ಕತ್ ನೋಡಿದವಳಲ್ಲ. ಹೋಗಲು ನನಗೆ ಮನಸ್ಸಿಲ್ಲ. ಇರಲು ಧೈರ್ಯವೂ ಇಲ್ಲ.

ಜೂನ್ ೧೩, ಶುಕ್ರವಾರ. ಗ್ವಾಂಗ್‌ಝೌ

ನದಿ ಇನ್ನೂ ಕಂಡಿಲ್ಲ. ಸೂಟ್‌ಕೇಸ್ ಕಂಡಿದ್ದೇವೆ. ಎಂಟು ಅಂತಸ್ತಿನ ಮಾರುಕಟ್ಟೆ, ಎಂಟರಲ್ಲೂ ಸೂಟ್‌ಕೇಸ್. ಸಾಹುಕಾರರು ಒಂದೊಂದು ಪೆಟ್ಟಿಗೆಯ ಹಿಡಿ ಎಳೆದು, ಚಕ್ರ ತಿರುಗಿಸಿ, ಕಿವಿಗೆ ಹಿಡಿದು ಆಲಿಸುತ್ತಾರೆ. ನನ್ನನ್ನು ನೋಡಲು ಬಂದ ದಿನ ಇದರ ಅರ್ಧ ಗಮನವನ್ನೂ ಕೊಟ್ಟಿರಲಿಲ್ಲ.

ಇವರಿಗೆ ಚೀನೀ ಭಾಷೆ ಬರುತ್ತದೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಇವತ್ತು ನೋಡಿದೆ. ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾರೆ, ಅಂಗಡಿಯವನು ಇನ್ನೊಂದು ಒತ್ತಿ ತೋರಿಸುತ್ತಾನೆ, ಇವರು ಎದೆ ಹಿಡಿದುಕೊಂಡು ಸತ್ತವರ ಹಾಗೆ ಮಾಡುತ್ತಾರೆ. ಉಳಿದ ಮಾತೆಲ್ಲ ಏಜೆಂಟನದ್ದು. ಹನ್ನೆರಡು ವರ್ಷದಿಂದ ಇದೇ ಭಾಷೆ.

ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದರು. ಕಂಟೈನರಿಗೆ ತುಂಬಿಸಬೇಕಾದ ಮಾಲಿನಲ್ಲಿ ಬೀಗವೇ ಸರಿ ಇಲ್ಲವಂತೆ, ಎಲ್ಲ ಬಿಚ್ಚಿಸಿ ನೋಡಬೇಕಂತೆ.

“ನೀವು ಮೂವರು ನಾಳೆ ರೈಲಿನಲ್ಲಿ ಹೋಗಿ. ನಾನು ಎರಡು ದಿನದಲ್ಲಿ ಬರ್ತೇನೆ.”

“ಒಬ್ಬಳೇ? ನನಗೆ ಎಂಥ ಗೊತ್ತುಂಟು?”

“ಎಂಥ ಗೊತ್ತಿರ್ಬೇಕಿಲ್ಲ. ರೂಮ್ ಬುಕ್ ಆಗಿದೆ. ರೂಮಿನಿಂದ ದೂರ ಹೋಗ್ಬೇಡಿ. ಯಾರ ಹತ್ತಿರವೂ ಮಾತಾಡ್ಬೇಡಿ. ನೀರಿನ ಹತ್ತಿರ ಹೋಗ್ಬೇಡಿ.”

ನದಿ ನೋಡಲು ಹೊರಟವರಿಗೆ ಈ ಮಾತು ಹೇಳಲು ಸಾಹುಕಾರರಿಂದ ಮಾತ್ರ ಸಾಧ್ಯ. ನಗು ಬರಲಿಲ್ಲ. ನಿಜಕ್ಕೂ ಹೆದರಿಕೆಯಾಗುತ್ತಿದೆ.

ಜೂನ್ ೧೫, ಭಾನುವಾರ. ಯಾಂಗ್‌ಶುವೊ

ತಲುಪಿದೆವು. ಹೇಗೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ರೈಲಿನಲ್ಲಿ ನಮ್ಮ ಸೀಟಿನಲ್ಲಿ ಯಾರೋ ಕೂತಿದ್ದರು. ನಾನು ಟಿಕೆಟ್ ತೋರಿಸಿದೆ, ಅವರು ತಮ್ಮದು ತೋರಿಸಿದರು. ಆಮೇಲೆ ನೋಡಿದರೆ ನಾವೇ ಬೇರೆ ಬೋಗಿ ಹತ್ತಿದ್ದೆವು. ಅವರೇ ಝಿಯಾನನನ್ನು ಎತ್ತಿಕೊಂಡು, ಚಕ್ರವಿಲ್ಲದ ನಮ್ಮ ಪೆಟ್ಟಿಗೆಯನ್ನೂ ಎಳೆದುಕೊಂಡು ನಮ್ಮ ಬೋಗಿಯವರೆಗೆ ಬಂದರು. ಇದನ್ನು ಸಾಹುಕಾರರಿಗೆ ಹೇಳಲಿಕ್ಕಿಲ್ಲ.

ಗುಡ್ಡಗಳು! ಒಂದಕ್ಕೊಂದು ತಾಗದೆ, ನೆಟ್ಟಗೆ, ಗುಂಪಿನ ಫೋಟೋಕ್ಕೆ ನಿಂತ ನೆಂಟರ ಹಾಗೆ.

“ಉಮ್ಮಾ, ನಾನು ಡ್ರಾಯಿಂಗ್‌ನಲ್ಲಿ ಹೀಗೇ ಮೌಂಟನ್ ಮಾಡಿದ್ದು. ಮಿಸ್ ಹೇಳಿದ್ರು, ಮೌಂಟನ್ಸ್ ಡೋಂಟ್ ಲುಕ್ ಲೈಕ್ ದಟ್ ಅಂತ,” ಎಂದಳು ಹನೀನ್. ಮಿಸ್ಸಿಗೆ ಕಳುಹಿಸಲು ಫೋಟೋ ತೆಗೆಸಿಕೊಂಡಳು. ಮಸ್ಕತ್ತಿನ ಬೋಳು ಗುಡ್ಡ ನೋಡಿ ಬೆಳೆದ ಝಿಯಾನನಿಗೆ ಒಂದೇ ಸಂಶಯ, ಇಷ್ಟು ಹಸಿರನ್ನು ಯಾರು ಹಚ್ಚಿದರು ಎಂದು.

ಹೋಟೆಲಿನ ನೆಟ್ಟಿನಲ್ಲಿ ವಾಟ್ಸ್ಯಾಪ್ ಓಡುವುದಿಲ್ಲ. ಇವರ ಜೊತೆ ಇಲ್ಲಿಯದೇ ಬೇರೆ ಆ್ಯಪಿನಲ್ಲಿ ಮಾತು. ಉಪ್ಪಿನಂಗಡಿಯ ಮಾಮಿಯ ಕೈಯಲ್ಲಿ ಆ ಆ್ಯಪ್ ಇಲ್ಲ. ದಿನಕ್ಕೆ ಮೂರು ಸಲ ಅಡುಗೆ ಎಂಥದು ಎಂದು ಕೇಳುವವರಿಲ್ಲದೆ ಎರಡು ದಿನ ಕಳೆದವು. ಬೇಜಾರಾಗಿದೆ ಎಂದು ಬರೆಯೋಣವೆಂದರೆ ಕೈ ಓಡುತ್ತಿಲ್ಲ.

ಜೂನ್ ೧೬, ಸೋಮವಾರ

ಊಟದ್ದೇ ದೊಡ್ಡ ಕಥೆ. ಹಲಾಲ್ ಹೌದೋ ಅಲ್ಲವೋ ಕೇಳಲು ಭಾಷೆ ಇಲ್ಲ. ನಾನೊಂದು ಉಪಾಯ ಮಾಡಿದೆ. ಅಂಗಡಿಯ ಬಾಗಿಲಲ್ಲಿ ನಿಂತು ಸಲಾಂ ಹೇಳುವುದು. ಸಲಾಂ ತಿರುಗಿ ಬಂದರೆ ಒಳಗೆ, ಇಲ್ಲವಾದರೆ ಮುಂದೆ.

ಮೊದಲ ಬೀದಿಯಲ್ಲೇ ಬಿಳಿ ಟೊಪ್ಪಿಯ ಮುದುಕರೊಬ್ಬರು ಕಂಡರು. ಗಡ್ಡವೂ ಉಂಟು. ಅಲ್‌ಹಮ್ದುಲಿಲ್ಲಾಹ್, ನಮ್ಮವರೇ ಎಂದುಕೊಂಡು ಸಲಾಂ ಹೇಳಿದೆ. ಅವರು ನಗುತ್ತಾ ತಲೆಬಾಗಿಸಿ ಏನೋ ಅಂದರು. ಬಡಪಾಯಿಗೆ ಸಲಾಂ ಸರಿಯಾಗಿ ಬರುವುದಿಲ್ಲ, ದೂರದ ದೇಶ, ಪಾಪ ಎಂದು ನಾನೇ ಅವರನ್ನು ಮಾಫಿ ಮಾಡಿ ಒಳಗೆ ಕೂತೆ. ಮೂರು ಬಟ್ಟಲು ನೂಡಲ್ಸ್ ಬಂತು. ಬಾಯಿಗಿಡುವಷ್ಟರಲ್ಲಿ ಹನೀನ್, “ಉಮ್ಮಾ, ವೈ ಈಸ್ ದೇರ್ ಎ ಪಿಗ್ ಆನ್ ದ ವಾಲ್?” ಎಂದಳು. ಗೋಡೆಯ ಮೇಲೆ ನಗುವ ಹಂದಿಯ ಚಿತ್ರ. ಅಡುಗೆ ಕೋಣೆಗೆ ಇಣುಕಿದರೆ ಇನ್ನೂ ಮೂವರು ಅದೇ ಬಿಳಿ ಟೊಪ್ಪಿಯವರು. ಎಲ್ಲರೂ ಅಡುಗೆಯವರು!

ದುಡ್ಡು ಮೇಜಿನ ಮೇಲಿಟ್ಟು ಓಡಿದೆವು. ಮುದುಕರು ಹಿಂದೆಯೇ ಓಡಿಬಂದರು. ನಾವು ಮರೆತ ಕೊಡೆ ಕೊಡಲು.

ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದೆ ಹಸಿರು ಬೋರ್ಡಿನ ಒಂದು ಅಂಗಡಿ ಸಿಕ್ಕಿತು. ನಾನು ಬಾಯಿ ಬಿಡುವ ಮೊದಲೇ, ತಲೆಗೆ ವಸ್ತ್ರ ಕಟ್ಟಿದ ಹೆಂಗಸು ಸಲಾಂ ಹೇಳಿದಳು. ನನಗೆ ಕಣ್ಣಲ್ಲಿ ನೀರು ಬಂತು. ಅವಳಿಗೂ ನನಗೂ ಗೊತ್ತಿರುವುದು ಕುರ್‌ಆನಿನ ಮಾತುಗಳು. ‘ಮಾಅ್’ ಅಂದರೆ ನೀರು ಕೊಟ್ಟಳು. ‘ಲಹ್ಮ್’ ಅಂದರೆ ಮಾಂಸ ಹಾಕಿದಳು. ಝಿಯಾನ್ ಖಾರವೆಂದು ಅತ್ತಾಗ ಇಬ್ಬರೂ ಸೇರಿ ‘ಸಬ್ರ್, ಸಬ್ರ್’ ಎಂದು ಸಮಾಧಾನ ಹೇಳಿದೆವು. ಮದ್ರಸದಲ್ಲಿ ಉಸ್ತಾದರ ಪೆಟ್ಟು ತಿಂದು ಕಲಿತದ್ದು ನೂಡಲ್ಸಿಗೆ ಉಪಯೋಗವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಜೂನ್ ೧೮, ಬುಧವಾರ

ಸಾಹುಕಾರರು ಇನ್ನೂ ಬೀಗ ಬಿಚ್ಚಿಸುತ್ತಿದ್ದಾರೆ. ಇನ್ನೆರಡು ದಿನವಂತೆ.

ಇವತ್ತು ಬಿದಿರಿನ ತೆಪ್ಪದಲ್ಲಿ ಹೋದೆವು. ನೀರಿನ ಹತ್ತಿರ ಹೋಗಬೇಡಿ ಎಂದಿದ್ದರು. ಹತ್ತಿರ ಹೋಗಲಿಲ್ಲ, ಮೇಲೆ ಹೋದೆವು. ಮಕ್ಕಳಿಗೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿ ಬೆಲ್ಟ್ ಬಿಗಿದರು. ತೆಪ್ಪದವನು ಉದ್ದದ ಕೋಲು ಊರುತ್ತಾ ಹಾಡುತ್ತಿದ್ದ. ಎಮ್ಮೆಗಳು ಕತ್ತಿನವರೆಗೆ ಮುಳುಗಿ ನಮ್ಮನ್ನೇ ನೋಡುತ್ತಿದ್ದವು. “ಸೋ ಮಚ್ ವಾಟರ್,” ಎಂದು ಝಿಯಾನ್ ಪಿಸುಗುಟ್ಟಿದ. ಜೋರಾಗಿ ಹೇಳಿದರೆ ನೀರು ಖಾಲಿಯಾದೀತು ಎನ್ನುವ ಹಾಗೆ. ಎಷ್ಟು ಚಂದ ಎಂದು ಬರೆಯಲು ನನಗೆ ಬರುವುದಿಲ್ಲ. ಇವರೂ ಇರಬೇಕಿತ್ತು ಅನಿಸಿತು. ಇದ್ದಿದ್ದರೆ ಬಿದಿರನ್ನು ತಟ್ಟಿ ನೋಡಿ ಕಂಟೈನರಿಗೆ ಎಷ್ಟು ಹಿಡಿಯುತ್ತದೆ ಎನ್ನುತ್ತಿದ್ದರು.

ನಾಳೆಯಿಂದ ನದಿಯ ಮೇಲ್ಭಾಗದ ಶಿಂಗ್‌ಪಿಂಗ್ ಎಂಬ ಹಳ್ಳಿಯಲ್ಲಿ ನಮಗೆ ರೂಮು ಬುಕ್ ಆಗಿದೆ. “ಅದು ಬೇಡ, ನಾನು ಬರುವವರೆಗೆ ಯಾಂಗ್‌ಶುವೊದಲ್ಲೇ ಇರಿ,” ಎಂದು ಇವರ ಮೆಸೇಜು. ಬುಕ್ ಮಾಡಿದ ರೂಮು ಹಾಳಾದರೆ ಇವರ ಜೀವಕ್ಕೆ ಆಗುವುದಿಲ್ಲ ಎಂದು ನನಗಲ್ಲದೆ ಯಾರಿಗೆ ಗೊತ್ತು? ಅದಕ್ಕಾಗಿ ಹೋಗುತ್ತಿದ್ದೇವೆ. ನನಗೇನು ಹೋಗುವ ಹುಚ್ಚಿಲ್ಲ. ಬಸ್ಸಿನ ಹೊತ್ತು ಕೇಳಿಟ್ಟುಕೊಂಡು ಬಂದಿದ್ದೇನೆ, ಅಷ್ಟೇ.

ಜೂನ್ ೨೦, ಶುಕ್ರವಾರ. ಶಿಂಗ್‌ಪಿಂಗ್

ಮಕ್ಕಳು ಮಲಗಿದರು, ಈಗ ಬರೆಯಬಹುದು.

ನಿನ್ನೆಯಿಂದ ಬಿಡದ ಮಳೆ. ನದಿ ಕೆಂಪಾಗಿ ಉಬ್ಬಿ ಮೆಟ್ಟಿಲು ಏರಿದೆ, ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದಾರೆ. ಬೆಳಿಗ್ಗೆ ನಮಗೆ ರೂಮು ಕೊಟ್ಟ ಮನೆಯೊಡತಿ ಮಕ್ಕಳಿಗೆ ಹುರಿದ ನೆಲಗಡಲೆ ಕೊಟ್ಟಿದ್ದಳು. ನಾನು ಬಟ್ಟೆ ಹಿಂಡುತ್ತಿದ್ದೆ. ಹನೀನ್ ಬಂದು, “ಉಮ್ಮಾ, ಝಿಯಾನ್ ಮೂಗಿನಲ್ಲಿ ಕಡಲೆ ಪಾರ್ಕ್ ಮಾಡಿದ್ದಾನೆ,” ಎಂದಳು.

ನೋಡಿದರೆ ನಿಜ. ಬಲ ಮೂಗಿನಲ್ಲಿ, ಒಳಗೆ. ಯಾಕೆ ಹಾಕಿದೆ ಎಂದರೆ “ಇಟ್ ಫಿಟ್ಸ್” ಎಂದ. ಸಾಹುಕಾರರ ಮಗ, ಯಾವುದರಲ್ಲಿ ಎಷ್ಟು ಹಿಡಿಯುತ್ತದೆ ಎಂದು ನೋಡದೆ ಇರುತ್ತಾನೆಯೇ? ಸೀನಿಸಲು ನೋಡಿದೆ. ಅವನು ಸೀನುವ ಬದಲು ಒಳಗೆ ಎಳೆದುಕೊಂಡ. ಕಡಲೆ ಕಣ್ಣಿಗೆ ಕಾಣದಾಯಿತು. ಅಳತೊಡಗಿದ. ಮೂಗಿನಿಂದ ಸ್ವಲ್ಪ ರಕ್ತ.

ಇವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎರಡನೆಯ ಸಲ ಮಾಡಲಿಲ್ಲ. ಎತ್ತಿದರೂ ಗ್ವಾಂಗ್‌ಝೌನಿಂದ ಏನು ಮಾಡಿಯಾರು? ಮನೆಯೊಡತಿಯ ಮುಂದೆ ಮಗುವಿನ ಮೂಗು ತೋರಿಸಿದೆ. ಅವಳು ಬೀದಿಗೆ ಓಡಿ ಕೂಗಿದಳು. ಪಕ್ಕದ ಮನೆಯವನು ಹಣ್ಣಿನ ಬುಟ್ಟಿ ಇಳಿಸಿ ತನ್ನ ಮೂರು ಚಕ್ರದ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡ. ಕೊಡೆ ಗಾಳಿಗೆ ಮಗುಚಿತು. ದಾರಿಯ ಒಂದು ಕಡೆ ಮೊಣಕಾಲಷ್ಟು ನೀರು. ನೀರಿನ ಹತ್ತಿರ ಹೋಗಬೇಡಿ ಎಂದವರ ನೆನಪಾಯಿತು. ಆಗ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಯಾ ಅಲ್ಲಾಹ್, ಮಗುವಿನ ಉಸಿರು ನಿಲ್ಲದಿರಲಿ ಎನ್ನುತ್ತಾ ಹೋದೆ.

ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿಯಂಥ ಡಾಕ್ಟರು. ಹನೀನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಫೋನು ಚೀನಿಯಲ್ಲಿ ಹೇಳಿತು. ಡಾಕ್ಟರು ಅಲುಗದ ಹಾಗೆ ಹಿಡಿಯಲು ಸನ್ನೆ ಮಾಡಿದಳು. ಅವನ ಕೈಕಾಲನ್ನು ನನ್ನ ಕಾಲುಗಳ ನಡುವೆ ಒತ್ತಿ, ತಲೆಯನ್ನು ಎದೆಗೆ ಹಿಡಿದುಕೊಂಡೆ. ಅವನು “ಉಮ್ಮಾ ಬೇಡ, ಉಮ್ಮಾ ಬೇಡ,” ಎಂದು ಕಿರುಚಿದ. ನಾನು ಬಿಡಲಿಲ್ಲ. ಸಣ್ಣ ಕೊಕ್ಕೆಯಿಂದ ಎಳೆದಳು. ಹೊರಬಂದ ಕಡಲೆಯನ್ನು ಬಟ್ಟಲಿಗೆ ಹಾಕಿ ತೋರಿಸಿದಳು. ಝಿಯಾನ್ ಅಳು ನಿಲ್ಲಿಸಿ, ಅದನ್ನು ತಿನ್ನಬಹುದೇ ಎಂದು ಕೇಳಿದ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಗಾಡಿಯವನು ಕಾದು ನಿಂತಿದ್ದ, ಬಿಸಿ ಚಹಾ ತಂದುಕೊಟ್ಟ. ಸಂಜೆ ಇವರ ಫೋನು ಬಂತು.

“ಬೆಳಿಗ್ಗೆ ಮಿಸ್ಡ್ ಕಾಲ್ ಇತ್ತಲ್ಲ, ಎಂಥ ವಿಷಯ?”

“ಎಂಥ ಇಲ್ಲ. ಇಲ್ಲಿ ಮಳೆ ಬರ್ತದೆ ಅಂತ ಹೇಳ್ಲಿಕ್ಕೆ.”

ಜೂನ್ ೨೧, ಶನಿವಾರ

ಮಳೆ. ಮೂವರೂ ಮಧ್ಯಾಹ್ನದವರೆಗೆ ಮಲಗಿದೆವು. ಮನೆಯೊಡತಿ ಕಡಲೆ ಡಬ್ಬವನ್ನು ಅಟ್ಟಕ್ಕೆ ಹಾಕಿದ್ದಾಳೆ.

ಜೂನ್ ೨೩, ಸೋಮವಾರ

ಮಳೆ ನಿಂತಿತು. ಸಾಹುಕಾರರ ಸವಾರಿ ಹೊರಟಿತು. ಜೊತೆಯಲ್ಲಿ ಏಜೆಂಟ್ ಇಲ್ಲ. ಯಾಂಗ್‌ಶುವೊದ ರೈಲು ಸ್ಟೇಷನ್ ಇರುವುದು ಶಿಂಗ್‌ಪಿಂಗಿನ ಪಕ್ಕದಲ್ಲೇ. ಅಲ್ಲಿ ಇಳಿದು, ಶಿಂಗ್‌ಪಿಂಗಿನ ಬಸ್ಸು ಬಿಟ್ಟು, ಎದುರಿಗಿದ್ದ ಬೇರೆ ಬಸ್ಸು ಹತ್ತಿ ನೇರ ಯಾಂಗ್‌ಶುವೊ ಪೇಟೆಗೆ ಹೋದರು. ನಾವು ಬಿಟ್ಟು ಬಂದ ಊರಿಗೆ!

“ಇರ್ಫಾನಾ, ಇಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ. ಚಾರ್ಜೂ ಮುಗೀತಾ ಬಂತು. ಯಾವ ಬಸ್ಸು ಮಾರಾಯ್ತಿ?”

“ಎಲ್ಲಿದ್ದೀರೋ ಅಲ್ಲೇ ಇರಿ. ದೂರ ಹೋಗ್ಬೇಡಿ. ಯಾರ ಹತ್ತಿರವೂ ಮಾತಾಡ್ಬೇಡಿ. ನಾವು ಬರ್ತೇವೆ.”

ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ತಮ್ಮದೇ ಅಂಗಡಿಯ ಪೆಟ್ಟಿಗೆಯ ಮೇಲೆ ಕೂತಿದ್ದರು. ಕಡ್ಡಿಯಾಗಿದ್ದರು. ಬಾಳೆಹಣ್ಣು ಬಿಟ್ಟು ಬೆಳಗ್ಗಿನಿಂದ ಏನೂ ತಿಂದಿಲ್ಲ. ಹನ್ನೆರಡು ವರ್ಷ ಚೀನಾದಲ್ಲಿ ಓಡಾಡಿದವರಿಗೆ ಗೊತ್ತಿರುವುದು ಗ್ವಾಂಗ್‌ಝೌನ ಒಂದು ಅರಬ್ಬಿ ಹೋಟೆಲು, ಒಂದು ಬೀದಿ, ಒಬ್ಬ ಏಜೆಂಟ್.

ಹಸಿರು ಬೋರ್ಡಿನ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹೆಂಗಸು ನನ್ನನ್ನು ಅಪ್ಪಿಕೊಂಡಳು. ಇವರಿಗೆ ಎರಡು ಬಟ್ಟಲು ಕೊಡಿಸಿದೆ. ಎರಡನೆಯದರ ನಡುವೆ ಹನೀನ್ ಕಡಲೆಯ ಕಥೆ ಹೇಳಿಬಿಟ್ಟಳು. ಹೆತ್ತ ತಾಯಿಯ ಗುಟ್ಟು ಕಾಯದ ಮಗಳು. ಇವರು ಚಾಪ್‌ಸ್ಟಿಕ್ ಕೆಳಗಿಟ್ಟರು.

“ನನಗೆ ಯಾಕೆ ಹೇಳ್ಲಿಲ್ಲ?”

“ನೀವು ಫೋನ್ ಎತ್ತಲಿಲ್ಲ.”

ಮುಂದೆ ಊಟ ಸೇರಲಿಲ್ಲ ಅವರಿಗೆ. ಝಿಯಾನನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಮೂಗನ್ನೇ ನೋಡುತ್ತಿದ್ದರು. ಅಷ್ಟು ಹೊತ್ತು ಯಾವ ಸೂಟ್‌ಕೇಸನ್ನೂ ನೋಡಿದವರಲ್ಲ. ಪಾಪ ಅನಿಸಿತು.

ಜೂನ್ ೨೫, ಬುಧವಾರ

ದೋಣಿ ಬಿಟ್ಟರು. ನಾಲ್ವರೂ ಹೋದೆವು. ನದಿ ಮತ್ತೆ ಹಸಿರಾಗುತ್ತಿದೆ. ಗುಡ್ಡಗಳ ನೆತ್ತಿಯಲ್ಲಿ ಮೋಡ. ಇವರು ಎಲ್ಲರ ಬೆಲ್ಟನ್ನೂ ಎರಡೆರಡು ಸಲ ಎಳೆದು ನೋಡಿದರು. ತಮ್ಮದನ್ನು ಹಾಕಿಕೊಳ್ಳಲು ಮರೆತಿದ್ದರು, ನಾನು ಹಾಕಿದೆ.

ಸ್ವಲ್ಪ ದೂರ ಹೋದ ಮೇಲೆ, ನೀರು ನೋಡುತ್ತಾ, “ಹನೀನಳ ಟಿಸಿಗೆ ಶಾಲೆಗೆ ಯಾವಾಗ ಹೇಳುವುದು?” ಎಂದರು.

“ಹೇಳುವುದು ಬೇಡ.”

“ಮತ್ತೆ?”

“ನಾವು ಊರಿಗೆ ಹೋಗುವುದಿಲ್ಲ. ಹಮ್ರಿಯಾದಲ್ಲೇ ಇರ್ತೇವೆ. ನೀವು ಬಂದು ಹೋಗಿ ಮಾಡಿ.”

“ಒಬ್ಬಳೇ?”

“ಒಬ್ಬಳೇ ಎಲ್ಲಿ? ನಾವು ಮೂರು ಜನ ಇದ್ದೇವಲ್ಲ.”

ಇಷ್ಟು ಹೇಳಿ ನನಗೇ ಗಾಬರಿಯಾಯಿತು. ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ದೋಣಿಯ ಸದ್ದಿಗೆ ಧೈರ್ಯ ಬಂದಿರಬೇಕು. ಇವರು ಖಲಾಸ್ ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ಕಾದೆ. ಅವರು ಝಿಯಾನನ ಬೆಲ್ಟನ್ನು ಮೂರನೆಯ ಸಲ ಎಳೆದು ನೋಡಿದರು. ಆಮೇಲೆ, “ಉಮ್ಮನಿಗೆ ಯಾರು ಹೇಳುವುದು?” ಎಂದರು.

ಜುಲೈ ೨, ಬುಧವಾರ. ಹಮ್ರಿಯಾ

ಮಸ್ಕತ್ತಿನ ಸೆಕೆಗೆ ಮರಳಿದ್ದೇವೆ. ಬಂದ ದಿನವೇ ಎಸಿ ಕೆಟ್ಟಿತ್ತು. ಇವರು ಅಂಗಡಿಯಲ್ಲಿದ್ದರು, ನಾನೇ ಕಟ್ಟಡದ ಮಾಲೀಕ ಅರಬಾಬನಿಗೆ ಫೋನ್ ಮಾಡಿ ಗೊತ್ತಿದ್ದ ಅರಬ್ಬಿಯನ್ನೆಲ್ಲ ಸುರಿದೆ. ಮಧ್ಯಾಹ್ನಕ್ಕೆ ಜನ ಬಂತು.

ಮಾಮಿಗೆ ಹೇಳುವ ಕೆಲಸವನ್ನು ಸಾಹುಕಾರರೇ ಮಾಡುತ್ತೇನೆಂದರು. ಫೋನ್ ಹಚ್ಚಿ, ಸಲಾಂ ಹೇಳಿ, ಹವೆ ವಿಚಾರಿಸಿ, ದನ ಕರು ಹಾಕಿತೇ ಎಂದು ಕೇಳಿ, ಬೆವರೊರೆಸಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು.

“ಯಾವಾಗ ಬರುವುದು ಮೋಳೇ? ಮಾಳಿಗೆಯ ಕೋಣೆ ಗುಡಿಸಿ ಇಟ್ಟಿದ್ದೇನೆ.”

“ಈಗ ಬರುವುದಿಲ್ಲ ಮಾಮಿ. ನಾವು ಇಲ್ಲೇ ಇರ್ತೇವೆ. ಡಿಸೆಂಬರ್ ರಜೆಗೆ ಬರ್ತೇವೆ.”

ಮಾಮಿ, “ಅವನು ಹೇಳಲಿಕ್ಕೆ ಹೆದರಿ ನಿನಗೆ ಕೊಟ್ಟದ್ದಲ್ವಾ ಫೋನು?” ಎಂದರು. ಹೌದು ಎಂದೆ. ಮಾಮಿ ನಕ್ಕರು. ಬೇಜಾರಿತ್ತು ನಗುವಿನಲ್ಲಿ, ಆದರೂ ನಕ್ಕರು. ನನ್ನಂಥ ಹೆದರುಪುಕ್ಕಲಿಗೂ ನನಗಿಂತ ಹೆಚ್ಚು ಹೆದರುವ ಗಂಡ ಸಿಕ್ಕಿದ್ದು ನನ್ನ ಪುಣ್ಯ.

ಜುಲೈ ೧೯, ಶನಿವಾರ

ಇವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆವು.

ದಾರಿಯುದ್ದಕ್ಕೂ ಟ್ಯಾಕ್ಸಿಯ ಮುಂದಿನ ಸೀಟಿನಿಂದ ಹಿಂದೆ ತಿರುಗಿ ತಿರುಗಿ ಹೇಳುತ್ತಿದ್ದರು. ಗ್ಯಾಸ್ ಆಫ್ ಮಾಡು, ಬಾಗಿಲಿಗೆ ಎರಡು ಚಿಲಕ ಹಾಕು, ಎಲಿಯಾಸನ ನಂಬರು ಫ್ರಿಜ್ಜಿಗೆ ಅಂಟಿಸು. ನಾನು ಎಲ್ಲದಕ್ಕೂ ಆಯ್ತು ಎಂದೆ. ಮಕ್ಕಳಿಬ್ಬರನ್ನೂ ಮುದ್ದಿಸಿದರು. ಝಿಯಾನನ ಮೂಗಿನ ಎರಡೂ ಹೊಳ್ಳೆ ಪರೀಕ್ಷಿಸಿದರು. ಪೆಟ್ಟಿಗೆಯ ಹಿಡಿ ಎಳೆದರು, ತಳ್ಳಿದರು, ಮತ್ತೆ ಎಳೆದರು. ಒಳಗೆ ಹೋಗುವ ಸಾಲು ಕರಗಿದರೂ ಇವರು ಹೋಗಲಿಲ್ಲ.

“ಎಂಥ?” ಎಂದೆ.

“ನಾನು ಅಲ್ಲಿ ಒಬ್ಬನೇ ಹೇಗೆ ಇರುವುದು ಇರ್ಫಾನಾ?”

ಮೆಲ್ಲಗೆ ಹೇಳಿದರು, ಮಕ್ಕಳಿಗೆ ಕೇಳದ ಹಾಗೆ. ನೀನು ಹೇಗೆ ಇರ್ತಿ, ನೀನು ಹೇಗೆ ಇರ್ತಿ ಎಂದು ಇಷ್ಟು ದಿನ ಕೇಳಿದ ಮನುಷ್ಯ. ನನಗೆ ಒಂದು ತಮಾಷೆಯೂ ಬಾಯಿಗೆ ಬರಲಿಲ್ಲ. ಅಷ್ಟು ಜನರ ಎದುರು ಅವರ ಅಂಗಿಯ ಕಾಲರ್ ಸರಿ ಮಾಡಿದೆ. ಮದುವೆಯಾಗಿ ಹತ್ತು ವರ್ಷದಲ್ಲಿ ಮನೆಯ ಹೊರಗೆ ಹಾಗೆ ಮಾಡಿದವಳಲ್ಲ.

“ಇರ್ತೀರಿ. ಮೊದಲ ದಿನ ಹೆದರಿಕೆ ಆಗ್ತದೆ. ಮತ್ತೆ ಅಭ್ಯಾಸ ಆಗ್ತದೆ,” ಎಂದೆ.

ತಲೆಯಾಡಿಸಿ ಹೋದರು. ಗಾಜಿನ ಬಾಗಿಲಿನ ಆಚೆ ತಿರುಗಿ ನೋಡುತ್ತಾರೆ ಎಂದು ಕಾದೆ. ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಮನೆಗೆ ಬಂದು ಮಕ್ಕಳಿಗೆ ಊಟ ಬಡಿಸಿ ಅಡುಗೆ ಕೋಣೆಯಲ್ಲಿ ನಿಂತು ಅತ್ತೆ. ಹೆದರಿಕೆಗಲ್ಲ. ಹೆದರಿಕೆ ಎಲ್ಲಿದೆ ಎಂದು ಹುಡುಕಿದೆ, ಕಾಣಲಿಲ್ಲ. ಅವರಿಲ್ಲದ ಮನೆ ಇಷ್ಟು ಸಪ್ಪೆಯಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಈಗ ಇದನ್ನು ತೆರೆದು ಕೂತಿದ್ದೇನೆ. ಹಿಂದಿನ ಹಾಳೆಗಳ ತುಂಬ ಅವರ ಮೇಲಿನ ದೂರೇ. ನಾಳೆಯಿಂದ ಯಾರ ಮೇಲೆ ಬರೆಯಲಿ?